ಮೃಚ್ಛಕಟಿಕದ ವ್ಯವಹಾರಾಂಕವೂ ಕುರುಹಿನ ಸಾಕ್ಷ್ಯವೂ

ಶೂದ್ರಕನ ಮೃಚ್ಛಕಟಿಕವನ್ನು ಆದರದಿಂದ ಓದುವವರಲ್ಲಿಯೂ ಹಲವರು ಅದರ ಒಂಬತ್ತನೆಯ ಅಂಕಕ್ಕೆ ಬಂದೊಡನೆ ಅಸಹನೆಯನ್ನು ತೋರುವುದುಂಟು. ಎಂಟನೆಯ ಅಂಕದಲ್ಲಿ ಶಕಾರನು ವಸಂತಸೇನೆಯ ಕೊರಳನ್ನು ಹಿಸುಕಿ ತರಗೆಲೆಗಳಿಂದ ಮುಚ್ಚಿದುದನ್ನು ಕಣ್ಣಾರೆ ಕಂಡಿದ್ದ ಪ್ರೇಕ್ಷಕನಿಗೆ, ಆ ಪಾಪದ ಹೊರೆಯನ್ನು ಚಾರುದತ್ತನ ತಲೆಗೆ ಕಟ್ಟುವ ನ್ಯಾಯಸಭೆಯನ್ನು ನೋಡುತ್ತ ಕುಳಿತಿರುವುದು ಕಷ್ಟವಾದುದೇ ಸರಿ. ಈ ಕಷ್ಟದಿಂದ ಒಂದು ಆಕ್ಷೇಪವು ಹುಟ್ಟಿಕೊಂಡಿದೆ. ಅಧಿಕರಣಿಕನು ಮಂದಮತಿಯೆಂದೂ, ವ್ಯವಹಾರದ ಪರೀಕ್ಷೆಯನ್ನು ಕವಿಯು ಕಥೆಯ ಅನುಕೂಲಕ್ಕಾಗಿ ಸಡಿಲಗೊಳಿಸಿದನೆಂದೂ, ಇಂದಿನ ಪ್ರಯೋಗಶಾಲೆಯೊಂದು ಉಜ್ಜಯಿನಿಯಲ್ಲಿದ್ದಿದ್ದರೆ ಗಳಿಗೆಯೊಳಗೆ ಚಾರುದತ್ತನ ಬಿಡುಗಡೆಯಾಗುತ್ತಿತ್ತೆಂದೂ ಹೇಳುವರು. ಪತ್ತೇದಾರಿ ಕಥೆಗಳನ್ನು ಓದಿ ಬೆಳೆದ ತರುಣರ ಬಾಯಲ್ಲಿ ಈ ಮಾತು ಇನ್ನೂ ಹೆಚ್ಚು.

ಆಕ್ಷೇಪವು ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ಅದನ್ನು ಒಪ್ಪುವುದಕ್ಕೆ ಮುನ್ನ ಎರಡು ವಿಷಯಗಳನ್ನು ವಿಚಾರಿಸಬೇಕಾಗಿದೆ. ಇಂದಿನ ಪ್ರಯೋಗಶಾಲೆಯು ನಿಜವಾಗಿ ಮಾಡುವುದೇನು ಎಂಬುದೊಂದು. ಶೂದ್ರಕನು ನಿಜವಾಗಿ ಬರೆದಿರುವುದೇನು ಎಂಬುದು ಮತ್ತೊಂದು. ಎರಡನೆಯದನ್ನು ತಿಳಿಯದೆ ಆಕ್ಷೇಪಿಸುವವರೇ ಬಹುಮಂದಿ.

ಅಪರಾಧಸ್ಥಳದಲ್ಲಿ ಉಳಿದುಹೋದ ಕೂದಲು, ನೂಲಿನ ಎಳೆ, ಧೂಳು, ಬಣ್ಣದ ಚಕ್ಕೆ, ಗಾಜಿನ ಚೂರು ಮೊದಲಾದ ಅಲ್ಪವಸ್ತುಗಳಿಂದ ನಡೆದ ಸಂಗತಿಯನ್ನು ಊಹಿಸುವ ವಿದ್ಯೆಗೆ ಯೂರೋಪಿನಲ್ಲಿ ಒಂದು ನೆಲೆಯನ್ನು ಕಲ್ಪಿಸಿದವನು ಫ್ರಾನ್ಸ್ ದೇಶದ ಲಿಯಾನ್ ನಗರದ ಎಡ್ಮಂ ಲೊಕಾರ್ (1877–1966). ಅವನು 1910ರಲ್ಲಿ ಅಲ್ಲಿನ ನ್ಯಾಯಾಲಯದ ಅಟ್ಟದ ಮೇಲಣ ಎರಡು ಕೋಣೆಗಳಲ್ಲಿ ಪೊಲೀಸರ ಪ್ರಯೋಗಶಾಲೆಯನ್ನು ತೆರೆದನು. ಎರಡು ವಸ್ತುಗಳು ಒಂದನ್ನೊಂದು ತಾಗಿದಾಗ ಇದರ ಲೇಶವು ಅದರಲ್ಲಿಯೂ ಅದರ ಲೇಶವು ಇದರಲ್ಲಿಯೂ ಉಳಿಯದೆ ಇರದು ಎಂಬುದು ಅವನ ಮತದ ಸಾರ. 1912ರಲ್ಲಿ ಆ ಊರಿನ ಒಬ್ಬ ತರುಣಿಯು ಕೊರಳು ಹಿಸುಕಲ್ಪಟ್ಟು ಸತ್ತಳು. ಅವಳ ಪ್ರಿಯಕರನಾದ ಬ್ಯಾಂಕಿನ ಗುಮಾಸ್ತನು ತಾನು ಆ ರಾತ್ರಿ ಗೆಳೆಯರೊಡನೆ ಇಸ್ಪೀಟಾಡುತ್ತಿದ್ದೆನೆಂದನು, ಗೆಳೆಯರೂ ಹೌದೆಂದರು. ಲೊಕಾರನು ಅವನ ಉಗುರುಗಳ ಅಡಿಯಿಂದ ಕೆರೆದು ತೆಗೆದ ಕಲ್ಮಷವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದನು. ಚರ್ಮದ ಹೊಟ್ಟಿನೊಂದಿಗೆ ನಸುಗೆಂಪು ಧೂಳು ಅಂಟಿಕೊಂಡಿತ್ತು. ಅದರಲ್ಲಿ ಬಿಸ್ಮತ್, ಸತುವಿನ ಭಸ್ಮ, ಕಬ್ಬಿಣದ ಕೆಂಪು ಮುಂತಾದ ದ್ರವ್ಯಗಳಿದ್ದವು. ಆ ತರುಣಿಗಾಗಿ ಊರಿನ ಔಷಧಗಾರನು ಸಿದ್ಧಪಡಿಸಿಕೊಟ್ಟಿದ್ದ ಮುಖಚೂರ್ಣದಲ್ಲಿಯೂ ಅವೇ ಇದ್ದವು. ಗುಮಾಸ್ತನು ತಪ್ಪನ್ನೊಪ್ಪಿಕೊಂಡು, ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿ ಗೆಳೆಯರನ್ನು ವಂಚಿಸಿದುದನ್ನೂ ಹೇಳಿದನು.

ಕಥೆ ಸೊಗಸಾಗಿದೆ. ಹಾಗೆ ಸೊಗಸಾಗಿರುವುದೇ ಅದರಲ್ಲಿರುವ ಅಪಾಯ. ಈ ಬಗೆಯ ಕಥೆಗಳನ್ನು ಕೇಳಿದವನಿಗೆ ಧೂಳು ತಾನೇ ಬಾಯಿಬಿಟ್ಟು ಹೆಸರು ಹೇಳುವುದೆಂಬ ಭ್ರಮೆಯುಂಟಾಗುತ್ತದೆ. ವಾಸ್ತವದಲ್ಲಿ ಆ ವಿದ್ಯೆಯ ಬಹುಭಾಗವು ಎಚ್ಚರಿಕೆಯ ಕೆಲಸ. ಸ್ಥಳವನ್ನು ಯಾರೂ ತುಳಿಯದಂತೆ ಕಾಯಬೇಕು. ಎಳೆಗಳನ್ನು ಚಿಮಟದಿಂದಲೋ ಅಂಟುಪಟ್ಟಿಯಿಂದಲೋ ಎತ್ತಬೇಕು. ಆರೋಪಿಯ ಬಟ್ಟೆಯನ್ನೂ ಹತನಾದವನ ಬಟ್ಟೆಯನ್ನೂ ಒಂದೇ ಮೇಜಿನ ಮೇಲೆ ಹರಡಲಾಗದು. ಹರಡಿದರೆ ಪರೀಕ್ಷಕನೇ ಸಾಕ್ಷ್ಯವನ್ನು ಸೃಷ್ಟಿಸಿದಂತಾಗುವುದು. ಬಟ್ಟೆಗೆ ಹತ್ತಿದ ಎಳೆಗಳಲ್ಲಿ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲಿಯೇ ಉದುರಿಹೋಗುವುವಾದುದರಿಂದ ತಡವಾದರೆ ಏನೂ ಸಿಕ್ಕದು. ಸಿಕ್ಕಿದರೂ ಅದು ಒಂದು ಜಾತಿಗೆ ಸೇರಿದ ಲಕ್ಷಣವೋ, ಒಂದು ವ್ಯಕ್ತಿಗೆ ಮಾತ್ರ ಸೇರಿದ ಲಕ್ಷಣವೋ ಎಂಬ ವಿವೇಕ ಬೇಕು. ಒಡೆದ ಗಾಜಿನ ಎರಡು ಹೋಳುಗಳು ಅಂಚಿಗೆ ಅಂಚು ಸೇರಿದರೆ ಅವು ಒಂದೇ ಗಾಜಿನವೆನ್ನಬಹುದು. ಬಣ್ಣವೂ ಬೆಳಕನ್ನು ಬಾಗಿಸುವ ಪ್ರಮಾಣವೂ ಒಂದೇ ಎಂಬಷ್ಟರಿಂದ ಆ ಮಾತನ್ನು ಹೇಳಲಾಗದು. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದು ಹೊಸದಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದೇ ಹೊರತು ಅದನ್ನು ಹೊತ್ತಿಸಿದವನ ಗೋತ್ರಸೂತ್ರಗಳನ್ನಲ್ಲ.

ಇಂತಹ ವಿವೇಕವು ಈ ದೇಶದಲ್ಲಿ ಇರಲಿಲ್ಲವೆನ್ನುವವರು ಕೌಟಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣವನ್ನು ನೋಡಬೇಕು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಆ ಗ್ರಂಥವನ್ನು ರಾಜನೀತಿಗಾಗಿ ಕೊಂಡಾಡುವವರು ಬಹಳ; ಕಂಟಕಶೋಧನವನ್ನು ತಾಳ್ಮೆಯಿಂದ ಓದಿದವರು ಕಡಮೆ. ಕನ್ನ ಬಿದ್ದ ಮನೆಯಲ್ಲಿ ಗೋಡೆಯು ಒಳಗಿನಿಂದ ಒಡೆದುದೋ ಹೊರಗಿನಿಂದ ಒಡೆದುದೋ ಎಂಬುದನ್ನು ಮೊದಲು ನೋಡಬೇಕೆಂದು ಅಲ್ಲಿ ವಿಧಿಸಿದೆ. ಧೂಳಿನಲ್ಲಿಯೂ ಕೆಸರಿನಲ್ಲಿಯೂ ಮೂಡಿದ ಹೆಜ್ಜೆಯನ್ನು ಶಂಕಿತನ ಹೆಜ್ಜೆಯೊಡನೆ ಹೋಲಿಸಬೇಕು. ಒಳಹೊಕ್ಕ ಮತ್ತು ಹೊರಬಿದ್ದ ಎಡೆಗಳಲ್ಲಿ ಸಿಕ್ಕಿದ ಹೂಮಾಲೆ, ಮದ್ಯ, ಗಂಧ, ಬಟ್ಟೆಯ ಚೂರು, ಲೇಪನ, ಬೆವರು ಇವು ಅವನಲ್ಲಿರುವುವಕ್ಕೆ ಸಮವೇ ಎಂದು ಪರೀಕ್ಷಿಸಬೇಕು ಎಂದಿದೆ. ಲೊಕಾರನು ಕಂಡರೆ ಸಂತೋಷಪಡುತ್ತಿದ್ದ ಮಾತು ಇದು.

ಆದರೆ ಮೆಚ್ಚತಕ್ಕುದು ಇಷ್ಟೇ ಅಲ್ಲ. ಸ್ವಲ್ಪ ಮುಂದೆ ಹೋಗಿ ಅದೇ ಕೌಟಲ್ಯನು ಎಚ್ಚರಿಸುತ್ತಾನೆ: ಕಳ್ಳನಲ್ಲದವನೂ ಆಕಸ್ಮಿಕವಾಗಿ ಕಳ್ಳನ ದಾರಿಯಲ್ಲಿ ಸಿಕ್ಕಬಹುದು, ವೇಷ, ಆಯುಧ, ಸಾಮಾನು ಇವುಗಳ ಹೋಲಿಕೆಯಿಂದಲೋ, ಕಳವಿನ ಮಾಲಿನ ಬಳಿಯಲ್ಲಿದ್ದನೆಂಬುದರಿಂದಲೋ ಹಿಡಿಯಲ್ಪಡಬಹುದು. ಅಣಿಮಾಂಡವ್ಯನು ಹಿಂಸೆಗೆ ಹೆದರಿ, ತಾನು ಕಳ್ಳನಲ್ಲದಿದ್ದರೂ ಕಳ್ಳನೆಂದು ಒಪ್ಪಿಕೊಂಡುದನ್ನು ದೃಷ್ಟಾಂತವಾಗಿ ಕೊಟ್ಟು, ಆದಕಾರಣ ಪ್ರಮಾಣವು ಪೂರ್ಣವಾದ ಮೇಲೆಯೇ ದಂಡಿಸತಕ್ಕುದೆಂದು ಹೇಳುತ್ತಾನೆ. ಕುರುಹನ್ನು ಹುಡುಕು ಎಂಬ ವಿಧಿಯೂ ಕುರುಹಿಗೆ ಮರುಳಾಗಬೇಡ ಎಂಬ ನಿಷೇಧವೂ ಒಂದೇ ಶಾಸ್ತ್ರದಲ್ಲಿ ಹೀಗೆ ಹತ್ತಿರಹತ್ತಿರವಾಗಿ ನಿಂತಿರುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಶೂದ್ರಕನ ನಾಟಕಕ್ಕೆ ಬರಬೇಕು. ಆಗ ಅದು ಬೇರೆಯೇ ಆಗಿ ಕಾಣುತ್ತದೆ.

ಮೊದಲನೆಯ ಸಂಗತಿ ಮೂರನೆಯ ಅಂಕದಲ್ಲಿದೆ. ಶರ್ವಿಲಕನು ಅಳೆಯುವ ದಾರವನ್ನು ಮರೆತು ಬಂದು, ಯಜ್ಞೋಪವೀತದಿಂದಲೇ ಅಳತೆ ಮಾಡಿ, ಪೂರ್ಣಕುಂಭದ ಆಕಾರದಲ್ಲಿ ಇಟ್ಟಿಗೆಯ ಗೋಡೆಗೆ ಕನ್ನ ಹಾಕುತ್ತಾನೆ. ಬೆಳಗಿನಲ್ಲಿ ಚಾರುದತ್ತನು ಮಾಡುವುದೇನು? ಕನ್ನದ ಅಂದವನ್ನು ಮೆಚ್ಚುತ್ತಾನೆ. ಆಮೇಲೆ ಲೋಕಾಪವಾದಕ್ಕೆ ಅಂಜಿ, ಅದೇ ಇಟ್ಟಿಗೆಗಳಿಂದ ಬೇಗನೆ ರಂಧ್ರವನ್ನು ಮುಚ್ಚೆಂದು ವರ್ಧಮಾನಕನಿಗೆ ಆಜ್ಞಾಪಿಸುತ್ತಾನೆ. ಇಂದಿನ ತನಿಖೆಗಾರನು ತಲೆ ಚಚ್ಚಿಕೊಳ್ಳಬೇಕಾದ ಸ್ಥಳವಿದು. ಇಟ್ಟಿಗೆಯ ಅಂಚಿನಲ್ಲಿದ್ದ ಉಪಕರಣದ ಗುರುತು, ನೆಲದ ಮೇಲಣ ಹೆಜ್ಜೆ ಎಲ್ಲವೂ ಹೋದುವು. ಮನೆಯ ಮಾನವನ್ನು ಕಾಯುವುದಕ್ಕಾಗಿ ಕುರುಹನ್ನು ಅಳಿಸುವ ಈ ಸ್ವಭಾವವೇ ಒಂಬತ್ತನೆಯ ಅಂಕದಲ್ಲಿ ಅವನನ್ನು ಶೂಲದ ಬಳಿಗೆ ಕೊಂಡೊಯ್ಯುತ್ತದೆ. ಅಲ್ಲಿ ಅವನು ಮಾತನ್ನು ಮುಚ್ಚುತ್ತಾನೆ. ಇಲ್ಲಿ ಗೋಡೆಯನ್ನು ಮುಚ್ಚಿದನು.

ಇನ್ನು ನ್ಯಾಯಸಭೆ. ಶಕಾರನು ದೂರು ಹೇಳುವ ಭರದಲ್ಲಿ, ಯಾವನೋ ಒಬ್ಬನು ಹಣದಾಸೆಯಿಂದ ವಸಂತಸೇನೆಯನ್ನು ತೋಳಿನಿಂದ ಹಿಸುಕಿ ಕೊಂದನೆಂದು ಹೇಳಿ, ಕೂಡಲೇ ‘ನಾನಲ್ಲ’ ಎಂದು ನಾಲಗೆ ಜಾರಿ ಬಾಯಿಗೆ ಕೈ ಮುಚ್ಚಿಕೊಳ್ಳುತ್ತಾನೆ. ಅಧಿಕರಣಿಕನು ಮಂದಮತಿಯಾಗಿದ್ದರೆ ಇದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ಆ ಮಾತನ್ನೇ ವ್ಯವಹಾರದ ಮೊದಲ ಪದವಾಗಿ ಬರೆದುಕೊಳ್ಳಬೇಕೆಂದು ಕಾಯಸ್ಥನಿಗೆ ಹೇಳುತ್ತಾನೆ. ಶಕಾರನು ಬರೆದ ಅಕ್ಷರವನ್ನು ಕಾಲಿನಿಂದ ಒರಸಿಬಿಡುತ್ತಾನೆ. ರಾಜನ ಮೈದುನನು ನ್ಯಾಯಸ್ಥಾನದಲ್ಲಿಯೇ, ನ್ಯಾಯಾಧಿಪತಿಯ ಕಣ್ಣೆದುರಿನಲ್ಲಿಯೇ, ಸಾಕ್ಷ್ಯವನ್ನು ಪಾದದಿಂದ ಅಳಿಸುತ್ತಾನೆ, ಯಾರೂ ತಡೆಯರು. ತಡೆದರೆ ಕೆಲಸ ಹೋಗುವುದೆಂಬ ಭಯವನ್ನು ಕವಿಯು ಅಂಕದ ಆದಿಯಲ್ಲಿಯೇ ಸೂಚಿಸಿದ್ದಾನೆ. ಇದು ಹಾಸ್ಯವೆಂದು ನಕ್ಕು ಮುಂದೆ ಹೋಗುವವರು ನಾಟಕದ ಅರ್ಧವನ್ನು ಕಳೆದುಕೊಂಡರು. ಹಿಸುಕಿ ಕೊಂದರೆಂದೂ ಒಡವೆಗಾಗಿ ಕೊಂದರೆಂದೂ ಹೇಗೆ ತಿಳಿಯಿತೆಂದು ಕೇಳಿದಾಗ, ಬರಿದಾದ ಕೊರಳಿನಿಂದಲೂ ಚಿನ್ನವಿಲ್ಲದ ಆಭರಣಸ್ಥಾನಗಳಿಂದಲೂ ಊಹಿಸಿದೆನೆಂದು ಶಕಾರನು ಉತ್ತರವೀಯುತ್ತಾನೆ. ಕುರುಹಿನ ತರ್ಕವನ್ನು ಆ ಸಭೆಯಲ್ಲಿ ಮೊದಲು ಬಳಸುವವನು ಕೊಲೆಗಡುಕನೇ! ಶ್ರೇಷ್ಠಿಕಾಯಸ್ಥರು ಯುಕ್ತವೆಂದು ತಲೆದೂಗುತ್ತಾರೆ.

ಬಳಿಕ ವೀರಕನ ಪ್ರವೇಶ. ಅವನು ಬಂದಿರುವುದು ತನ್ನನ್ನು ಒದ್ದ ಚಂದನಕನ ಮೇಲೆ ದೂರಲು. ಪ್ರಸಂಗವಶದಿಂದ ಚಾರುದತ್ತನ ಬಂಡಿಯು ವಸಂತಸೇನೆಯನ್ನು ಹೊತ್ತು ಪುಷ್ಪಕರಂಡಕದ ಉದ್ಯಾನಕ್ಕೆ ಹೋಗುತ್ತಿತ್ತೆಂದು ಹೇಳುತ್ತಾನೆ. ಅವನಿಗೆ ಹಾಗೆಂದು ಹೇಳಿದವರುಂಟು. ಬಂಡಿಯೊಳಗಿದ್ದವನು ಆರ್ಯಕನೆಂಬುದು ಪ್ರೇಕ್ಷಕನಿಗೆ ಗೊತ್ತು. ಅಧಿಕರಣಿಕನು ಅವನನ್ನು ಬಾಗಿಲಲ್ಲಿದ್ದ ಕುದುರೆಯ ಮೇಲೆ ಉದ್ಯಾನಕ್ಕಟ್ಟುತ್ತಾನೆ. ಸ್ಥಳವನ್ನು ನೋಡದೆ ತೀರ್ಮಾನಿಸಬಾರದೆಂಬ ಈ ಬುದ್ಧಿಗೆ ಏನನ್ನಬೇಕು? ವೀರಕನು ಮರಳಿ ಬಂದು, ಮೃಗಗಳು ತಿನ್ನುತ್ತಿರುವ ಹೆಂಗಸಿನ ಹೆಣವನ್ನು ಕಂಡೆನೆನ್ನುತ್ತಾನೆ. ಹೆಂಗಸಿನದೆಂದು ಹೇಗೆ ತಿಳಿದೆ ಎಂದರೆ, ಉಳಿದಿದ್ದ ಕೂದಲು, ತೋಳು, ಕೈ, ಕಾಲುಗಳಿಂದ ಎಂದು ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಅದು ಹೆಂಗಸಿನ ಹೆಣವೇ. ಎಂಟನೆಯ ಅಂಕದಲ್ಲಿ ವಿಟನು ಹಿಂದಿರುಗಿ ಬರುವಾಗ, ದಾರಿಯಲ್ಲಿ ಮರವೊಂದು ಬಿದ್ದು ಒಬ್ಬ ಹೆಂಗಸು ಸತ್ತುದನ್ನು ಕಂಡು ಮರುಗುವ ಒಂದೆರಡು ಮಾತುಗಳಿವೆ. ಓದುವವರು ಅವನ್ನು ದಾಟಿಬಿಡುತ್ತಾರೆ. ಕವಿಯು ವ್ಯರ್ಥವಾಗಿ ಆ ಮರವನ್ನು ಬೀಳಿಸಲಿಲ್ಲ.

ಇಲ್ಲಿ ನಡೆದಿರುವ ತಪ್ಪು ನೋಡುವುದರಲ್ಲಿಲ್ಲ, ನೋಡಿದುದಕ್ಕೆ ಹೆಸರಿಡುವುದರಲ್ಲಿದೆ. ‘ಒಬ್ಬ ಹೆಂಗಸು’ ಎಂಬುದು ಸಭೆಯ ಬಾಯಲ್ಲಿ ‘ವಸಂತಸೇನೆ’ ಆಗಿಹೋಯಿತು. ಉಜ್ಜಯಿನಿಯ ಹಳೆಯ ಕಾಲದ ಮೌಢ್ಯವೆಂದು ಇದನ್ನು ತಳ್ಳಿಹಾಕುವವರು 2015ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹೊರಬಿದ್ದ ಸಂಗತಿಯನ್ನು ಕೇಳಬೇಕು. ಆ ದೇಶದ ಎಫ್‌ಬಿಐ ಎಂಬ ತನಿಖಾಸಂಸ್ಥೆಯ ಪರೀಕ್ಷಕರು ದಶಕಗಳ ಕಾಲ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನ್ಯಾಯಾಲಯಗಳಲ್ಲಿ ನುಡಿದ ಸಾಕ್ಷ್ಯವನ್ನು ಮರುಪರಿಶೀಲಿಸಿದಾಗ, ಆರೋಪಿಗೆ ವಿರುದ್ಧವಾಗಿ ಅಂತಹ ಸಾಕ್ಷ್ಯ ನುಡಿದ 268 ವಿಚಾರಣೆಗಳಲ್ಲಿ 257ರಲ್ಲಿ ಪರೀಕ್ಷಕರು ಶಾಸ್ತ್ರಕ್ಕೆ ಮೀರಿದ ಮಾತನ್ನಾಡಿದ್ದರೆಂದು ಕಂಡುಬಂದಿತು. ಆರೋಪಿಗಳಲ್ಲಿ ಮರಣದಂಡನೆಗೆ ಗುರಿಯಾದವರೂ ಇದ್ದರು. ಕೂದಲು ‘ಹೋಲುತ್ತದೆ’ ಎಂಬಲ್ಲಿಗೆ ನಿಲ್ಲಬೇಕಾದವರು ‘ಅವನದೇ’ ಎಂಬ ಭಾವ ಬರುವಂತೆ ನುಡಿದಿದ್ದರು. ವೀರಕನಾದರೋ ಹೆಣವು ಹೆಂಗಸಿನದೆಂದು ಹೇಳಿ ಸುಮ್ಮನಾದನು.

ಇದರಿಂದ ಕುರುಹಿನ ಸಾಕ್ಷ್ಯವೇ ನಿರರ್ಥಕವೆಂದು ತಿಳಿಯಬಾರದು. ಅದೇ ಅಮೆರಿಕದ ಅಟ್ಲಾಂಟಾ ನಗರದಲ್ಲಿ 1979ರಿಂದ 1981ರವರೆಗೆ ಬಾಲಕರೂ ತರುಣರೂ ಒಬ್ಬರಾದ ಮೇಲೊಬ್ಬರು ಹತರಾಗುತ್ತಿದ್ದಾಗ, ಹೆಣಗಳ ಮೇಲೆ ಹಳದಿ ಮಿಶ್ರಿತ ಹಸುರು ಬಣ್ಣದ ನೈಲಾನ್ ಎಳೆಗಳು ಸಿಕ್ಕಿದುವು. ಅಡ್ಡವಾಗಿ ಕತ್ತರಿಸಿ ನೋಡಿದರೆ ಅವುಗಳ ಆಕಾರ ವಿಲಕ್ಷಣವಾಗಿತ್ತು. ಅಂತಹ ನೆಲಹಾಸು ಎಲ್ಲಿ, ಯಾವಾಗ, ಎಷ್ಟು ಮಾರಾಟವಾಯಿತೆಂದು ಲೆಕ್ಕಹಾಕಿ, ಆ ನಗರದ 7,792 ಮನೆಗಳಲ್ಲಿ ಒಂದರಲ್ಲಿ ಅದು ಇರಬಹುದೆಂದು ಗಣಿಸಿದರು. ಶಂಕಿತನ ಮನೆಯಲ್ಲಿ ಅದಿತ್ತು. ಅದೊಂದೇ ಅಲ್ಲ, ಹೊದಿಕೆಯ ಎಳೆ, ವಾಹನದ ನೆಲಹಾಸಿನ ಎಳೆ, ನಾಯಿಯ ಕೂದಲು ಹೀಗೆ ಹಲವು ಕುರುಹುಗಳು ಒಟ್ಟಿಗೆ ಸೇರಿದುದರಿಂದ 1982ರಲ್ಲಿ ಇಬ್ಬರು ವಯಸ್ಕರ ಕೊಲೆಗಾಗಿ ಅವನಿಗೆ ಶಿಕ್ಷೆಯಾಯಿತು. ಈ ಪ್ರಕರಣದಲ್ಲಿ ಶಕಾರನ ಕಾಲನ್ನು ನೆನಪಿಗೆ ತರುವ ಒಂದಂಶವುಂಟು: ಎಳೆಗಳು ಸಿಕ್ಕಿರುವುದನ್ನು ವೃತ್ತಪತ್ರಿಕೆಯು 1981ರ ಫೆಬ್ರವರಿಯಲ್ಲಿ ಪ್ರಕಟಿಸಿದ ಬಳಿಕ, ಹೆಣಗಳು ಬಟ್ಟೆಯಿಲ್ಲದೆ ನದಿಗಳಲ್ಲಿ ತೇಲತೊಡಗಿದುವು. ಒಂದು ಎಳೆಯಿಂದ ಯಾರನ್ನೂ ಹಿಡಿಯಲಾಗದು. ಹಲವು ಎಳೆ ಹುರಿಗೊಂಡರೆ ಹಗ್ಗವಾಗುತ್ತದೆ ಎಂಬುದನ್ನು ಅಲ್ಲಿನವರು ಅರಿತಿದ್ದರು.

ಚಾರುದತ್ತನ ವಿಷಯದಲ್ಲಿಯೂ ಎಳೆಗಳು ಹುರಿಗೊಂಡುವಲ್ಲವೇ ಎಂದು ಕೇಳಬಹುದು. ತಾಯಿಯು ಮಗಳು ಅವನ ಮನೆಗೆ ಹೋದಳೆಂದಳು, ಬಂಡಿ ಅವನದು, ತೋಟದಲ್ಲಿ ಹೆಣವಿದೆ. ಕಡೆಗೆ ಮೈತ್ರೇಯನು ಓಡಿಬಂದು ಶಕಾರನೊಡನೆ ಕೈಕೈ ಮಿಲಾಯಿಸುವಾಗ ಅವನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ಜಾರಿ ಬೀಳುತ್ತವೆ. ಅಧಿಕರಣಿಕನ ಯೋಗ್ಯತೆ ಬೆಳಗುವುದು ಈ ಎಡೆಯಲ್ಲಿ. ಒಡವೆಗಳನ್ನು ಕಂಡು ತಾಯಿಯು ಹೋಲುತ್ತವೆ, ಆದರೆ ಅವಲ್ಲ ಎನ್ನುತ್ತಾಳೆ. ಶಿಲ್ಪಿಗಳು ಒಂದನ್ನು ನೋಡಿ ಮತ್ತೊಂದನ್ನು ಅದರಂತೆಯೇ ಮಾಡುವುದುಂಟು, ಆದಕಾರಣ ಸಾದೃಶ್ಯವು ಇರಬಹುದೆಂದು ಅವನು ಒಪ್ಪುತ್ತಾನೆ. ಸಾದೃಶ್ಯವು ತಾದಾತ್ಮ್ಯವಲ್ಲವೆಂಬ, 2015ರಲ್ಲಿ ದೊಡ್ಡ ಸಂಸ್ಥೆಯೊಂದು ತಲೆತಗ್ಗಿಸಿ ಒಪ್ಪಬೇಕಾಗಿ ಬಂದ ವಿವೇಕವನ್ನು ಶೂದ್ರಕನು ತನ್ನ ನ್ಯಾಯಾಧಿಪತಿಯ ಬಾಯಲ್ಲಿಟ್ಟಿದ್ದಾನೆ. ಆ ವೃದ್ಧೆಯ ಮಾತಿನಿಂದ ಚಾರುದತ್ತನು ಬದುಕಿಕೊಳ್ಳಬಹುದಾಗಿತ್ತು. ಆದರೆ ಅವನು ಸುಳ್ಳಾಡಲಾರ; ಒಡವೆಗಳು ಅವಳವೇ ಎಂದುಬಿಡುತ್ತಾನೆ. ಹಾಗಾದರೆ ಅವು ಅವಳನ್ನು ಅಗಲಿದುದು ಹೇಗೆ ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ.

ಉತ್ತರವೇನೋ ಇತ್ತು. ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿ ಬೇಕೆಂದು ಅಳುತ್ತಿದ್ದ ರೋಹಸೇನನ ಆಟಿಕೆಯಲ್ಲಿ ವಸಂತಸೇನೆಯು ತನ್ನ ಒಡವೆಗಳನ್ನು ಬಿಚ್ಚಿ ತುಂಬಿದಳು. ನಾಟಕಕ್ಕೆ ಹೆಸರು ಬಂದುದೇ ಅದರಿಂದ. ಅವನ್ನು ಮರಳಿ ಕೊಡುವುದಕ್ಕಾಗಿಯೇ ಮೈತ್ರೇಯನು ಹೊರಟಿದ್ದನು. ನಾಟಕದಲ್ಲಿ ಅತ್ಯಂತ ನಿರ್ಮಲವಾದ ಕಾರ್ಯದ ಕುರುಹು ಅತ್ಯಂತ ಘೋರವಾದ ಕಾರ್ಯದ ಕುರುಹಾಗಿ ಓದಲ್ಪಡುತ್ತದೆ. ಬಂಡಿಯ ಮಾತನ್ನು ಬಿಡಿಸಿ ಹೇಳಹೊರಟರೆ, ತಾನು ಬಿಡುಗಡೆಗೆ ನೆರವಾದ ಆರ್ಯಕನ ಗುಟ್ಟು ಬಯಲಾಗುವುದು. ಒಡವೆಯ ಮಾತನ್ನು ಹೇಳಹೊರಟರೆ, ಬಡವನ ಮಗುವಿಗೆ ಗಣಿಕೆಯು ಚಿನ್ನ ಕೊಟ್ಟಳೆಂಬುದನ್ನು ಶಕಾರನ ಎದುರಿನಲ್ಲಿ ನಂಬುವವರಾರು? ಕನ್ನವನ್ನು ಮುಚ್ಚಿಸಿದವನು ಬಾಯನ್ನೂ ಮುಚ್ಚಿದನು. ಅವನ ಮೇಲೆ ತೀರ್ಪನ್ನು ತಂದುದು ಒಡವೆಗಿಂತ ಈ ಮೌನವೇ ಎಂಬುದನ್ನು ಗಮನಿಸಬೇಕು.

ಕುರುಹು ಹೇಳುವಷ್ಟನ್ನೇ ಕೇಳಿ ನಿಂತ ನ್ಯಾಯಸ್ಥಾನವು ಇದೇ ದೇಶದಲ್ಲಿ ಇತ್ತೆಂಬುದಕ್ಕೆ ಬಂಗಾಳದ ಜಲ್ಪಾಯಿಗುಡಿಯ ಪ್ರಕರಣವನ್ನು ಹೇಳಬಹುದು. ಅಲ್ಲಿ ಒಬ್ಬ ಚಹಾತೋಟದ ವ್ಯವಸ್ಥಾಪಕನು 1897ರಲ್ಲಿ ಕೊಲೆಯಾದನು. ಪೆಟ್ಟಿಗೆಯಿಂದ ಹಣ ಹೋಗಿತ್ತು. ಅದರಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲೆ ರಕ್ತದ ಬೆರಳಚ್ಚು ಉಳಿದಿತ್ತು. ಅದು ಅವನ ಹಿಂದಿನ ಸೇವಕನ ಹೆಬ್ಬೆರಳಿಗೆ ಸರಿಹೋಯಿತು. ಹಿಂದೊಮ್ಮೆ ಕಳವಿಗಾಗಿ ಶಿಕ್ಷೆಯಾಗಿದ್ದುದರಿಂದ ಅವನ ಬೆರಳಚ್ಚು ಕಲ್ಕತ್ತೆಯ ಕಚೇರಿಯಲ್ಲಿತ್ತು. 1898ರಲ್ಲಿ ನ್ಯಾಯಾಲಯವು ಅವನನ್ನು ಕಳವಿಗಾಗಿ ದಂಡಿಸಿತು. ಕೊಲೆಯ ಆರೋಪದಿಂದ ಬಿಟ್ಟಿತು. ಪಂಚಾಂಗವನ್ನು ಮುಟ್ಟಿದನೆಂಬುದು ಸಿದ್ಧವಾಯಿತು. ಕತ್ತಿಯನ್ನು ಹಿಡಿದನೆಂಬುದು ಸಿದ್ಧವಾಗಲಿಲ್ಲ. ಕೊಲೆಗಾರನು ತಪ್ಪಿಸಿಕೊಂಡನೆಂದು ಅಂದು ಗೊಣಗಿದವರು ಇದ್ದಿರಲೂಬಹುದು. ಆದರೂ ಚಾರುದತ್ತನ ಕಥೆಯನ್ನು ಓದಿದವನು ಆ ತೀರ್ಪನ್ನು ಲಘುವಾಗಿ ಕಾಣಲಾರನು.

ಹಾಗಾದರೆ ಅಧಿಕರಣಿಕನು ನಿರ್ದೋಷಿಯೇ? ಅಲ್ಲ. ಬ್ರಾಹ್ಮಣನಾದುದರಿಂದ ವಧ್ಯನಲ್ಲ, ದೇಶಭ್ರಷ್ಟನನ್ನಾಗಿ ಮಾಡತಕ್ಕುದೆಂದು ಅವನು ರಾಜನಿಗೆ ಅರಿಕೆ ಮಾಡಿದನು, ಶೂಲಕ್ಕೇರಿಸಬೇಕೆಂದವನು ಪಾಲಕ. ಆ ಪಾಪ ಅಧಿಕರಣಿಕನದಲ್ಲ. ಆದರೆ ಸಾಕ್ಷಿಗಳನ್ನು ಕರೆಸುವುದರಲ್ಲಿ ಅವನು ಅರ್ಧಕ್ಕೆ ನಿಂತನು. ಶಕಾರನ ಬಂಡಿಯನ್ನು ಹೊಡೆದ ಸ್ಥಾವರಕನೆಲ್ಲಿ ಎಂದು ಕೇಳಲಿಲ್ಲ. ಅವನು ಸಂಕೋಲೆ ತೊಟ್ಟು ಸೆರೆಯಲ್ಲಿದ್ದನು. ಹತ್ತನೆಯ ಅಂಕದಲ್ಲಿ ಅವನು ಮೇಲಿನಿಂದ ಧುಮುಕಿ ಬಂದು ನಿಜವನ್ನು ಕೂಗಿ ಹೇಳಿದಾಗ, ಚಿನ್ನ ಕದ್ದುದಕ್ಕಾಗಿ ತಾನು ಹೊಡೆದ ಆಳು ಇವನು, ಬೇಕಾದರೆ ಬೆನ್ನನ್ನು ನೋಡಿ ಎನ್ನುತ್ತಾನೆ ಶಕಾರ. ಬೆನ್ನಿನ ಮೇಲೆ ಬಾಸುಂಡೆಗಳಿವೆ. ಚಾಂಡಾಲರು ನೋಡಿ ಹೌದೆನ್ನುತ್ತಾರೆ. ಮತ್ತೆ ಕುರುಹು ನಿಜ, ಅರ್ಥ ಸುಳ್ಳು. ಇಷ್ಟು ಸಲ ಒಂದೇ ಪೆಟ್ಟನ್ನು ಬೇರೆ ಬೇರೆ ಕಡೆಯಿಂದ ಹೊಡೆದಿರುವ ಕವಿಯನ್ನು ವ್ಯವಹಾರಾಂಕವನ್ನು ಸಡಿಲವಾಗಿ ಬರೆದನೆನ್ನುವುದು ಹೇಗೆ?

ಅಧಿಕರಣಿಕನ ನಿಜವಾದ ಲೋಪ ಇನ್ನೊಂದಿದೆ. ಆಕ್ಷೇಪಿಸುವವರು ಅದನ್ನು ಹೇಳಿದುದು ಕಾಣೆ. ಒಡವೆಗಳು ಬಂಡಿಗೆ ಬಿದ್ದಾಗ ಮಗುವನ್ನು ಕರೆತಂದಿದ್ದ ದಾಸಿ ರದನಿಕೆಯು ಅಲ್ಲಿಯೇ ಇದ್ದಳು, ಎಲ್ಲವನ್ನೂ ನೋಡಿದ್ದಳು. ಒಡವೆಯ ಸಾದೃಶ್ಯದ ಮೇಲೆ ಅಷ್ಟು ಸೊಗಸಾದ ಮಾತನ್ನಾಡಬಲ್ಲವನು, ಅವು ಚಾರುದತ್ತನ ಮನೆಯಿಂದ ಬಂದುವೆಂದು ತಿಳಿದ ಮೇಲೆ, ಆ ಮನೆಗೆ ಒಬ್ಬ ಆಳನ್ನು ಅಟ್ಟಿ ಅಲ್ಲಿ ಯಾರಿರುವರೆಂದು ಕೇಳಿಸಬಹುದಾಗಿತ್ತು. ಉದ್ಯಾನಕ್ಕೆ ಕುದುರೆಯನ್ನು ಕಳುಹಿಸಿದವನಿಗೆ ಆ ಮನೆಯೇನು ದೂರವಲ್ಲ. ರದನಿಕೆಯನ್ನು ಯಾರೂ ಕರೆಸಲಿಲ್ಲ. ರೋಹಸೇನನು ಬಂದನು; ಮೈತ್ರೇಯನು ಅವನನ್ನು ಕರೆತಂದುದು ವಧ್ಯಸ್ಥಾನದ ದಾರಿಗೆ, ತಂದೆಯ ಮುಖವನ್ನು ಕಡೆಯ ಸಲ ನೋಡಲೆಂದು.